ಖಾಲಿ ಕಂಬಕ್ಕೊಂದು ಚೀಟಿ

ಮೈಸೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಕಾಲದಲ್ಲಿ ಗ್ರಾಫ್ ಪಾಠ ಬಂತೆಂದರೆ ನನಗೆ ಹಬ್ಬ. ಶೀರ್ಷಿಕೆಗೆ ಒಂದು ಅಂಕ, ಪ್ರಮಾಣಕ್ಕೆ ಒಂದು ಅಂಕ, ಅಕ್ಷಗಳಿಗೆ ಇನ್ನೊಂದು. ಪೆನ್ಸಿಲ್ ಚೂಪಾಗಿರಬೇಕು, ಕಂಬಗಳ ಅಗಲ ಒಂದೇ ಸಮ ಇರಬೇಕು, ನಡುವೆ ಬಿಟ್ಟ ಜಾಗವೂ ಒಂದೇ ಸಮ ಇರಬೇಕು. ಇಷ್ಟು ಮಾಡಿದ ಮಗುವಿಗೆ ಪೂರ್ತಿ ಅಂಕ ಕೊಟ್ಟು ಬೆನ್ನು ತಟ್ಟುತ್ತಿದ್ದೆ. ಆ ಕಂಬಗಳು ಏನು ಹೇಳುತ್ತವೆ ಎಂದು ನಾನು ಯಾರನ್ನೂ ಕೇಳಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ. ಉದ್ದ ಕಂಬ ಎಂದರೆ ಜಾಸ್ತಿ, ಗಿಡ್ಡ ಕಂಬ ಎಂದರೆ ಕಡಿಮೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ಕನ್ನಡಿ ಹುಡುಕುವುದೇ ನನ್ನ ಕೆಲಸವಾಯಿತು. ಎರಡು ಸಾವಿರದ ಹತ್ತರ ನಂತರದ ಮೊದಲ ವರ್ಷಗಳವು. ಗಂಡ ಅಡಿಲೇಡ್‌ನಲ್ಲಿ ಭೂವಿಜ್ಞಾನ ಓದುತ್ತಿದ್ದರು. ನನ್ನ ಮೈಸೂರಿನ ಡಿಗ್ರಿ ಇಲ್ಲಿ ಸಾಲದೆಂದು ಗೊತ್ತಾದಾಗ ನಾನೂ ಅದೇ ಊರಿನ ಬೆಡ್‌ಫರ್ಡ್ ಪಾರ್ಕ್‌ನ ಕ್ಯಾಂಪಸ್ಸಿಗೆ ಸೇರಿ, ಪ್ರಾಥಮಿಕ ಶಾಲೆಯ ಟೀಚರ್ ಆಗಲು ಮತ್ತೆ ಬೆಂಚಿನ ಮೇಲೆ ಕುಳಿತೆ. ಪಾಠಗಳೇನೋ ಪಾಸಾದವು. ಶಾಲೆಯಲ್ಲಿ ನಿಂತು ಕಲಿಸುವ ಅಭ್ಯಾಸದಲ್ಲಿ ಮಾತ್ರ ಎಡವಿದೆ. ನಾನು ಬೋರ್ಡಿನ ಮೇಲೆ ಬರೆಸಿದ ಗ್ರಾಫುಗಳನ್ನು ನೋಡಿ ಅಲ್ಲಿನ ಟೀಚರ್ ಒಬ್ಬರು, "ಬರೆಯೋದನ್ನ ಚೆನ್ನಾಗಿ ಕಲಿಸ್ತೀರಿ. ಓದೋದನ್ನ ಕಲಿಸ್ತಿಲ್ಲ. ಇನ್ನೊಂದು ಸಲ ಮಾಡಬೇಕಾಗುತ್ತೆ," ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಈ ದೇಶದವರೆಲ್ಲ ಕನ್ನಡದಲ್ಲೇ ಮಾತಾಡುತ್ತಾರೆ, ಏನು ಮಾಡಲಿ. ಗ್ರಾಫನ್ನು ಓದುವುದೆಂದರೇನು, ಅದೇನು ಕಾದಂಬರಿಯೇ ಎಂದು ಮನೆಗೆ ಬಂದು ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಷ್ಟರಲ್ಲಿ ಗಂಡನಿಗೆ ಪಶ್ಚಿಮದ ಗಣಿಯಲ್ಲಿ ಕೆಲಸ ಸಿಕ್ಕಿತು. ಪರ್ತ್‌ಗೆ ಬಂದು ವಿಲೆಟನ್‌ನಲ್ಲಿ ಮನೆ ಮಾಡಿದೆವು. ಎರಡು ವಾರ ಅವರು ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ನಾನು ಊರಿನ ಇನ್ನೊಂದು ತುದಿಯ ಜೂಂಡಲಪ್‌ನ ಕ್ಯಾಂಪಸ್ಸಿಗೆ ರೈಲಿನಲ್ಲಿ ಹೋಗಿ ಬಂದು ಓದು ಮುಂದುವರಿಸಿದೆ. ಅಭ್ಯಾಸಕ್ಕೆ ಮನೆಯ ಹತ್ತಿರದ ಒಂದು ಶಾಲೆಯ ಮೂರನೇ ತರಗತಿ ಸಿಕ್ಕಿತು. ಇದು ಎರಡನೆಯ ಅವಕಾಶ, ಕೊನೆಯದು ಕೂಡ. ಇಲ್ಲೂ ಬೇಡ ಅಂದರೆ ಈ ದೇಶದಲ್ಲಿ ಮಕ್ಕಳ ಮುಂದೆ ನಿಲ್ಲುವ ಆಸೆಗೆ ಎಳ್ಳುನೀರು. ಪಾಠ ಹೇಳುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ ಎಂಬುದು ನನಗೆ ಆಗ ಚೆನ್ನಾಗಿ ಗೊತ್ತಿತ್ತು.

ಪಾಸು ಫೇಲು ಹೇಳಬೇಕಾಗಿದ್ದವರು ಆ ತರಗತಿಯ ಟೀಚರ್. ಐವತ್ತು ದಾಟಿದ ಹೆಂಗಸು, ಕುತ್ತಿಗೆಯಲ್ಲಿ ಯಾವಾಗಲೂ ಒಂದು ಸೀಟಿ. ಮೊದಲ ದಿನ ಅವರ ಪಾಠ ನೋಡುತ್ತಾ ಹಿಂದೆ ಕುಳಿತಿದ್ದೆ. ಮಳೆಯ ಗ್ರಾಫ್ ಒಂದನ್ನು ತೂಗುಹಾಕಿ, "ಇದು ಏನು ಹೇಳ್ತಿದೆ?" ಎಂದು ಕೇಳಿದರು. ಅದು ಸರಿ. ಆಮೇಲೆ, "ಇದು ಏನು ಹೇಳ್ತಿಲ್ಲ?" ಎಂದರು. ಒಬ್ಬ ಹುಡುಗಿ ಎದ್ದು, "ಯಾರು ನೆನೆದ್ರು ಅಂತ ಹೇಳ್ತಿಲ್ಲ," ಎಂದಳು. ಟೀಚರಿಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಬೋರ್ಡಿನ ಮೇಲೆ ಬರೆದೇಬಿಟ್ಟರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಮಳೆಯ ಗ್ರಾಫಿನಲ್ಲಿ ಯಾರು ನೆನೆದರು ಎಂದು ಯಾವ ಪುಣ್ಯಾತ್ಮ ಬರೆಯುತ್ತಾನೆ? ಗ್ರಾಫ್ ಹೇಳದೇ ಇರುವುದು ಪ್ರಪಂಚದಷ್ಟಿದೆ. ಅದನ್ನೆಲ್ಲ ಮಕ್ಕಳು ಹೇಳುತ್ತಾ ಕುಳಿತರೆ ಪಾಠ ಮುಗಿಯುವುದು ಯಾವಾಗ? ಆದರೂ ತಲೆ ಆಡಿಸಿದೆ.

ಮನೆಯಲ್ಲಿ ಒಂದು ಗ್ರಾಫ್ ಬರೆದು ನನ್ನ ಮಗಳ ಮುಂದೆ ಹಿಡಿದೆ. ಅವಳೂ ಅದೇ ವಯಸ್ಸಿನವಳು, ಬೇರೆ ಶಾಲೆ. "ಇದು ಏನು ಹೇಳುತ್ತೆ ನೋಡಿ ಹೇಳು ಪುಟ್ಟಿ."

"ಇಟ್ ಸೇಸ್ ಯು ಲೈಕ್ ರೂಲರ್ಸ್, ಅಮ್ಮ," ಎಂದಳು. ನಾನು ಸ್ಕೇಲಿಟ್ಟು ಎಳೆದ ಗೆರೆಗಳಷ್ಟೇ ಅವಳ ಕಣ್ಣಿಗೆ ಬಿದ್ದಿದ್ದವು.

ಗಣಿಯಿಂದ ರಜಕ್ಕೆ ಬಂದಿದ್ದ ಗಂಡ ಸೋಫಾದ ಮೇಲೆ ಬಿದ್ದು ನಕ್ಕರು. "ಕರೆಕ್ಟಾಗಿ ಓದಿದ್ಲು ಬಿಡು. ನಿನ್ನ ಮೇಡಂ ಕೇಳ್ತಿರೋದು ಇದೇ ಇರ್ಬೇಕು."

"ನಿಮಗೇನು ಗೊತ್ತು ಗ್ರಾಫ್ ವಿಷಯ?"

"ನಾನು ದಿನಾ ನೋಡೋದೇ ಅದು ಮಾರಾಯ್ತಿ. ಎಲ್ಲಿ ಕೊರೆದಿಲ್ವೋ ಅಲ್ಲಿ ಅದಿರು ಇಲ್ಲ ಅಂತ ಬರ್ದ್ರೆ ಬಾಸ್ ಮಂಗಳಾರತಿ ಮಾಡ್ತಾನೆ. ನೋಡಿಲ್ಲ ಅಂತ ಬರೀಬೇಕು, ಇಲ್ಲ ಅಂತಲ್ಲ."

ಅದೂ ನನಗೆ ಅರ್ಥವಾಗಲಿಲ್ಲ. ಅವರ ಮೇಲೆ ರೇಗಿ ಅಡುಗೆಮನೆಗೆ ಹೋದೆ.

ಇಲ್ಲಿ ಒಂದು ಬಟ್ಟಲಿನ ಕಥೆ ಹೇಳಬೇಕು. ವಿಲೆಟನ್‌ಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿ ತಮ್ಮ ಗಿಡದ ನಿಂಬೆಹಣ್ಣುಗಳನ್ನು ಒಂದು ಗಾಜಿನ ಬಟ್ಟಲಿನಲ್ಲಿ ಕೊಟ್ಟರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಮನೆಯಲ್ಲಿ ನಾನು ಹುಟ್ಟಲಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡಬೇಕು. ಚಕ್ಕುಲಿ ತುಂಬಿ ಕೊಟ್ಟೆ. ಅಜ್ಜಿ ಅದನ್ನು ಹೊಸ ಉಡುಗೊರೆ ಎಂದುಕೊಂಡು ಕೇಕ್ ಇಟ್ಟು ಕಳಿಸಿದರು. ನಾನು ಕೋಡುಬಳೆ ಇಟ್ಟೆ. ಆ ಬಟ್ಟಲು ಬೇಲಿಯ ಆಚೆ ಈಚೆ ಹೋಗುತ್ತಲೇ ಇತ್ತು. "ಇದಕ್ಕೊಂದು ವೀಸಾ ಮಾಡಿಸ್ಬಿಡೋಣ ಕಣೇ," ಎಂದು ಗಂಡ ಕಾಡಿಸುತ್ತಿದ್ದರು. ಬಾಲ್ಯದಿಂದ ಕೈಗೆ ಬಂದ ಈ ಅಭ್ಯಾಸ ಗಣಿತದ ಪಾಠಕ್ಕೂ ಬರುತ್ತದೆಂದು ನನಗೆ ಹೇಗೆ ತಿಳಿಯಬೇಕು?

ಪರೀಕ್ಷೆಯ ಪಾಠ ಗೊತ್ತಾಯಿತು. ಬೆಳಿಗ್ಗೆ ಏನು ತಿಂದಿರಿ ಎಂದು ಮಕ್ಕಳನ್ನು ಕೇಳಿ, ಗೋಡೆಯ ಮೇಲೆ ಚೀಟಿಗಳ ಗ್ರಾಫ್ ಮಾಡಿಸಬೇಕು. ಒಂದು ಮಗುವಿಗೆ ಒಂದು ಹಳದಿ ಅಂಟುಚೀಟಿ, ಅದರ ಮೇಲೆ ಹೆಸರು ಬೇಡ. ಚೀಟಿಗಳು ಒಂದರ ಮೇಲೊಂದು ಕೂತು ಕಂಬವಾಗುತ್ತವೆ. ಟೋಸ್ಟ್, ಸೀರಿಯಲ್, ಮೊಟ್ಟೆ, ಹಣ್ಣು ಎಂದು ನಾಲ್ಕು ಕಂಬ ಮಾಡುತ್ತೇನೆಂದೆ. ಟೀಚರ್ ನನ್ನ ಯೋಜನೆಯನ್ನು ನೋಡಿ, "ಕೊನೇಲಿ ‘ಏನೂ ಇಲ್ಲ’ ಅಂತ ಇನ್ನೊಂದು ಕಂಬ ಇರಲಿ," ಎಂದರು.

ಆಗಲಿ ಎಂದವಳು ಮನೆಯಲ್ಲಿ ಹಾಳೆ ತಯಾರಿಸುವಾಗ ಅದನ್ನು ಬಿಟ್ಟೆ. ಊಟ ತಿಂಡಿಯ ವಿಷಯದಲ್ಲಿ ‘ಇಲ್ಲ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು, ಎಂಟು ವರ್ಷದ ಮಕ್ಕಳ ಮುಂದೆ ತೂಗುಹಾಕಿ, ಯಾರು ಹಸಿದಿದ್ದೀರಿ ಬನ್ನಿ ಎಂದು ಕರೆಯುವುದೆಂದರೆ ನನಗೆ ಮನಸ್ಸು ಒಪ್ಪಲಿಲ್ಲ. ಅಷ್ಟಕ್ಕೂ ಯಾವ ತಾಯಿ ಮಗುವನ್ನು ಬರಿ ಹೊಟ್ಟೆಯಲ್ಲಿ ಶಾಲೆಗೆ ಕಳಿಸುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬ್ರಿಸ್ಬೇನ್‌ನಿಂದ ಅಕ್ಕನ ಫೋನ್ ಬಂತು. ಅವಳು ಅಲ್ಲಿ ಪುಟ್ಟ ಮಕ್ಕಳ ಡೇಕೇರ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ನಮಗಿಂತ ಮೊದಲೇ ಬೆಳಗಾಗುತ್ತದೆ ಎಂಬುದು ಅವಳಿಗೆ ಯಾವತ್ತೂ ನೆನಪಿರುವುದಿಲ್ಲ.

"ಇವತ್ತು ಸಂಕಷ್ಟಿ ಕಣೇ. ಉಪವಾಸ ಇದ್ಬಿಡು, ಗಣಪತಿ ಪಾಸ್ ಮಾಡಿಸ್ತಾನೆ. ಚಂದ್ರನ್ನ ನೋಡೋವರ್ಗೂ ಏನೂ ತಿನ್ಬೇಡ."

"ಕಾಫಿ?"

"ಕಾಫಿ ಲೆಕ್ಕಕ್ಕಿಲ್ಲ ಬಿಡು."

ಹೀಗೆ ಒಂದು ಲೋಟ ಕಾಫಿಯ ಮೇಲೆ, ಹಬ್ಬಕ್ಕೆಂದು ಎತ್ತಿಟ್ಟಿದ್ದ ಕುರ್ತಾ ಹಾಕಿಕೊಂಡು ಶಾಲೆಗೆ ಹೋದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.

ಪಾಠ ಶುರುವಾಯಿತು. ಟೀಚರ್ ಹಿಂದಿನ ಕುರ್ಚಿಯಲ್ಲಿ ಕುಳಿತರು. ಹೇಗೆ ಅಂಟಿಸಬೇಕೆಂದು ತೋರಿಸಲು ನನ್ನ ಕೈಯಲ್ಲೂ ಒಂದು ಚೀಟಿ ಇತ್ತು. ಮಕ್ಕಳು ಸಾಲಾಗಿ ಬಂದು ಅಂಟಿಸಿದರು. ದೋಸೆ ತಿಂದು ಬಂದಿದ್ದ ಒಬ್ಬ ಹುಡುಗ ಸ್ವಲ್ಪ ಯೋಚಿಸಿ, ಅದೂ ಗರಿಗರಿಯಾಗಿರುತ್ತದೆಂದು ಟೋಸ್ಟಿಗೆ ಸೇರಿಸಿದ. ಟೋಸ್ಟ್ ಬೆಳೆಯಿತು, ಸೀರಿಯಲ್ ಬೆಳೆಯಿತು, ಮೊಟ್ಟೆಯೂ ಮರ್ಯಾದೆ ಉಳಿಸಿಕೊಂಡಿತು. ಹಣ್ಣಿನ ಹತ್ತಿರ ಮಾತ್ರ ಒಂದು ಚೀಟಿಯೂ ಬರಲಿಲ್ಲ. ಬೀದಿಯವರನ್ನೆಲ್ಲ ಅರಿಸಿನ ಕುಂಕುಮಕ್ಕೆ ಕರೆದು ಒಂದು ಮನೆಯನ್ನು ಬಿಟ್ಟ ಹಾಗೆ ಕಾಣುತ್ತಿತ್ತು. ಮಕ್ಕಳು ತಮ್ಮ ಜಾಗಕ್ಕೆ ಮರಳುವ ಗದ್ದಲದಲ್ಲಿ ನನ್ನ ಕೈಯಲ್ಲಿದ್ದ ಚೀಟಿಯನ್ನು ಅಲ್ಲಿಗೆ ಅಂಟಿಸಿದೆ. ಯೋಚಿಸಿ ಮಾಡಿದ್ದಲ್ಲ. ಕೈಗೆ ಬಂದದ್ದನ್ನು ಕೈ ಮಾಡಿತು.

ನಂತರ ಮಕ್ಕಳಿಂದ ಚೀಟಿಗಳ ಎಣಿಕೆ ಮಾಡಿಸಿದೆ. ತರಗತಿಯಲ್ಲಿ ಎಷ್ಟು ಮಕ್ಕಳೋ ಅಷ್ಟೇ ಚೀಟಿ. ಲೆಕ್ಕ ಸರಿಹೋದಾಗ ಆಗುವ ಸಂತೋಷ ನನಗೆ ಹಳೆಯದು, ಹಿಂದೆ ಕುಳಿತವರ ಕಡೆ ಹೆಮ್ಮೆಯಿಂದ ನೋಡಿದೆ. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

"ಈ ಗ್ರಾಫ್ ಏನು ಹೇಳ್ತಿದೆ?" ಎಂದು ಕೇಳಿದೆ. ಟೋಸ್ಟ್ ತಿಂದವರು ಹೆಚ್ಚು, ಹಣ್ಣು ತಿಂದವರು ಒಬ್ಬರೇ ಎಂದು ಕೈಗಳೆದ್ದವು. ಸರಿ, ಇನ್ನು ಮೇಡಂಗೆ ಇಷ್ಟವಾದ ಪ್ರಶ್ನೆ. "ಏನು ಹೇಳ್ತಿಲ್ಲ?"

ಕಿಟಕಿಯ ಹತ್ತಿರದ ಹುಡುಗಿ ಕೈಯೆತ್ತಿದಳು. ಮಳೆಯಲ್ಲಿ ಯಾರು ನೆನೆದರೆಂದು ಗ್ರಾಫ್ ಹೇಳುತ್ತಿಲ್ಲ ಎಂದಿದ್ದವಳು ಇವಳೇ. "ನನ್ನ ಬಗ್ಗೆ ಹೇಳ್ತಿಲ್ಲ, ಮಿಸ್," ಎಂದಳು. ಎತ್ತಿದ ಕೈಯ ಬೆರಳಿಗೆ ಅವಳ ಹಳದಿ ಚೀಟಿ ಇನ್ನೂ ಅಂಟಿಕೊಂಡಿತ್ತು.

ನಾನು ಬೆಪ್ಪಾಗಿ ನಿಂತೆ. ಲೆಕ್ಕ ಸರಿಯಿದೆ, ಚೀಟಿ ಒಂದು ಹೆಚ್ಚಿದೆ. ಇದು ಹೇಗೆ ಸಾಧ್ಯ? ಮಕ್ಕಳು ಮತ್ತೆ ಎಣಿಸಿದರು, ಮತ್ತೆ ಸರಿಯಾಯಿತು. ಆಗ ಯಾರೋ, "ಹಾಗಾದ್ರೆ ಯಾರೋ ಎರಡು ಅಂಟಿಸಿದ್ದಾರೆ," ಎಂದರು. ಇನ್ನೊಬ್ಬರು, "ಟೋಸ್ಟ್ ತಿನ್ನದೇ ಟೋಸ್ಟಲ್ಲಿ ಅಂಟಿಸಿದ್ದು ಅವನೇ," ಎಂದು ದೋಸೆಯ ಹುಡುಗನ ಕಡೆ ಬೆರಳು ತೋರಿದರು. ಅವನು ತನ್ನ ಎರಡೂ ಅಂಗೈ ಬಿಚ್ಚಿ ತೋರಿಸಿದ, ಕಣ್ಣಲ್ಲಿ ನೀರು ತುಂಬಿಕೊಂಡಿತು. ನಿಜ ಹೇಳುತ್ತೇನೆ, ಅಲ್ಲಿಯವರೆಗೂ ನನ್ನ ಚೀಟಿಯ ನೆನಪೇ ನನಗಿರಲಿಲ್ಲ. ಅವನ ಖಾಲಿ ಅಂಗೈ ನೋಡಿದಾಗ ನನ್ನ ಕೈ ನೆನಪಾಯಿತು.

"ಹಣ್ಣಿನ ಚೀಟಿ ನನ್ನದು," ಎಂದೆ.

"ನೀವು ಹಣ್ಣು ತಿಂದ್ರಾ ಮಿಸ್?"

"ಇಲ್ಲ."

"ಮತ್ತೆ ಏನು ತಿಂದ್ರಿ?"

"ಏನೂ ತಿಂದಿಲ್ಲ."

ಹಿಂದಿನ ಕುರ್ಚಿಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಹುಡುಗಿ ಎದ್ದು ಬಂದು ನನ್ನ ಪಕ್ಕ ನಿಂತು, "ಹಾಗಾದ್ರೆ ನೀವು ನನ್ನ ಜೊತೆ," ಎಂದಳು. ಗೋಡೆಯ ಹಾಳೆಯಲ್ಲಿ ಮೊಟ್ಟೆ, ಹಣ್ಣು ಆದ ಮೇಲೆ ಸ್ವಲ್ಪ ಜಾಗ ಉಳಿದಿತ್ತು. "ಇಲ್ಲಿ ‘ಏನೂ ಇಲ್ಲ’ ಅಂತ ಬರೀರಿ." ಬರೆದೆ. ಸ್ಕೇಲ್ ಹುಡುಕುತ್ತಾ ನಿಲ್ಲಲಿಲ್ಲ, ಗೆರೆ ಸೊಟ್ಟಗಾಯಿತು. ಅವಳು ತನ್ನ ಚೀಟಿ ಅಂಟಿಸಿದಳು. ನಾನು ಹಣ್ಣಿನ ಹತ್ತಿರವಿದ್ದ ನನ್ನ ಚೀಟಿ ಕಿತ್ತು ಅವಳದರ ಮೇಲೆ ಇಟ್ಟೆ. ಹಣ್ಣಿನ ಜಾಗ ಮತ್ತೆ ಬರಿದಾಯಿತು.

"ಪಾಪ," ಎಂದಿತು ಒಂದು ಮಗು.

"ಪಾಪ ಏನಿಲ್ಲ," ಎಂದಳು ಹುಡುಗಿ. "ನಮ್ಮಪ್ಪ ಇವತ್ತು ಮಧ್ಯಾಹ್ನದ ಫ್ಲೈಟಲ್ಲಿ ಗಣಿಯಿಂದ ಬರ್ತಾರೆ. ಬಂದ ದಿನ ನಮ್ಮನೇಲಿ ರಾತ್ರಿ ಊಟಕ್ಕೆ ಪ್ಯಾನ್‌ಕೇಕ್. ಅದಕ್ಕೇ ಹೊಟ್ಟೇಲಿ ಜಾಗ ಇಟ್ಕೊಂಡಿದ್ದೀನಿ. ಅಮ್ಮ ಬೈದ್ರು, ನಾನೇ ತಿನ್ಲಿಲ್ಲ. ನೀವ್ಯಾಕೆ ತಿಂದಿಲ್ಲ ಮಿಸ್?"

"ನಾನೂ ಕಾಯ್ತಿದ್ದೀನಿ. ಇವತ್ತು ಚಂದ್ರ ಬಂದ ಮೇಲೆ ಊಟ ಮಾಡ್ತೀನಿ."

ಮುಂದಿನ ಸಾಲಿನವನೊಬ್ಬ ಬಹಳ ಗಂಭೀರವಾಗಿ, "ಚಂದ್ರ ಯಾವ ಫ್ಲೈಟಲ್ಲಿ ಬರ್ತಾನೆ?" ಎಂದು ಕೇಳಿದ. ಅಷ್ಟರಲ್ಲಿ ಬೆಲ್ ಹೊಡೆಯಿತು, ಎಲ್ಲರೂ ಟೋಪಿ ಹುಡುಕುತ್ತಾ ಹೊರಗೋಡಿದರು.

ಪಾಠ ಕುಲಗೆಟ್ಟುಹೋಯಿತು ಎಂದುಕೊಂಡೇ ನಾನು ಟೀಚರ್ ಮುಂದೆ ಹೋಗಿ ನಿಂತೆ. ಅವರು ಕುರ್ಚಿಯಿಂದ ಎದ್ದು, "ಆ ಹೆಚ್ಚಿನ ಚೀಟಿ. ಬೇಕಂತಲೇ ಅಂಟಿಸಿದ್ರಿ, ಅಲ್ವಾ? ಲೆಕ್ಕ ಸರಿಯಿದ್ದರೂ ಗ್ರಾಫ್ ಸುಳ್ಳು ಹೇಳಬಹುದು ಅಂತ ತೋರಿಸೋಕೆ. ನನಗೆ ಇದು ಹೊಳೆದಿರಲಿಲ್ಲ," ಎಂದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಹೊರಗೆ ಆ ದೋಸೆಯ ಹುಡುಗ ಒಬ್ಬನೇ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಹೂಂ ಎಂದರೆ, ಅವನ ಕಣ್ಣಲ್ಲಿ ನೀರು ಬರಿಸಿದ್ದೂ ನಾನು ಬೇಕೆಂದೇ ಮಾಡಿದ್ದು ಎಂದಾಗುತ್ತದೆ. "ಇಲ್ಲ. ಬೇಕಂತ ಮಾಡಿದ್ದಲ್ಲ," ಎಂದೆ. ಆಮೇಲೆ ಬಟ್ಟಲಿನ ಕಥೆ, ಸಕ್ಕರೆಯ ಕಥೆ, ‘ಇಲ್ಲ’ ಎನ್ನಬಾರದ ಕಥೆ, ಎಲ್ಲವನ್ನೂ ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ನಾನು ಹೈಸ್ಕೂಲಿನಿಂದಲೂ ಇಂಗ್ಲಿಷ್ ಬಲ್ಲವಳು, ಆದರೂ ಆ ಹೊತ್ತಿನಲ್ಲಿ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ಅವರು ನಗಲಿಲ್ಲ, ಬೈಯಲೂ ಇಲ್ಲ. "ನಾಳೆ ಹೇಳ್ತೀನಿ," ಎಂದು ಸೀಟಿ ಸರಿಮಾಡಿಕೊಂಡು ಮೈದಾನಕ್ಕೆ ಹೋದರು.

ಸಂಜೆ ಅಕ್ಕ ಫೋನಿನಲ್ಲಿ ಗುಡುಗಿದಳು. "ಹೂಂ ಅನ್ನೋಕೆ ನಿಂಗೇನು ದಾಡಿ ಬಂದಿತ್ತು? ಗಣಪತಿ ಅಷ್ಟು ಕೈ ಹಿಡ್ಕೊಂಡು ದಡಕ್ಕೆ ತಂದ, ನೀನೇ ವಾಪಸ್ ನೀರಿಗೆ ಹಾರ್ಬಿಟ್ಟೆ." ಕೊನೆಯ ಅವಕಾಶವೂ ಹೋಯಿತೆಂಬ ದುಃಖಕ್ಕಿಂತ, ನಾನು ಪಾಠ ಮಾಡಿದೆನೋ ಕೆಡಿಸಿದೆನೋ ಎಂಬುದೇ ಗೊತ್ತಾಗದ ಸಂಕಟ ದೊಡ್ಡದಾಗಿತ್ತು. ಚಂದ್ರ ಬಂದ ಮೇಲೆ ಊಟ ಮಾಡಿದೆ. ರುಚಿ ಗೊತ್ತಾಗಲಿಲ್ಲ.

ಮರುದಿನ ನಾನು ತರಗತಿಗೆ ಹೋದಾಗ ಹುಡುಗಿ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಒಳಗೆ ಮಡಿಸಿದ ಒಂದು ಪ್ಯಾನ್‌ಕೇಕ್.

"ನಿಮಗೆ, ಮಿಸ್. ನಮ್ಮ ಕಂಬದಲ್ಲಿ ನಾವಿಬ್ರೇ ಇದ್ದಿದ್ದು. ನಾನು ತಿಂದೆ, ನೀವು ತಿಂದ್ರೋ ಇಲ್ವೋ ಅಂತ ಗೊತ್ತಾಗ್ಲಿಲ್ಲ. ಅಪ್ಪ ಒಂದು ಎತ್ತಿಡು ಅಂದ್ರು."

ಅದರಲ್ಲಿ ಮೊಟ್ಟೆ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟದವಳು ಅಲ್ಲೇ ನಿಂತು ಪೂರ್ತಿ ತಿಂದೆ. ತಣ್ಣಗಿತ್ತು, ತುಂಬ ಸಿಹಿಯಾಗಿತ್ತು, ನನಗೆ ಅಳು ಬಂತು.

ಟೀಚರ್ ತಮ್ಮ ಮೇಜಿನ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಹುಡುಗಿ ಬ್ಯಾಗ್ ಇಡಲು ಹೋದಾಗ ನನ್ನ ಹತ್ತಿರ ಬಂದರು. "ಈಗಿನವರೆಗೂ ನಾನು ತೀರ್ಮಾನ ಮಾಡಿರಲಿಲ್ಲ. ಪಾಠದಲ್ಲಿ ತಪ್ಪುಗಳಿದ್ವು, ಅದನ್ನ ಬರೀತೀನಿ. ಆದರೆ ಆ ಮಗು ನಿನ್ನೆ ಊಟದ ಟೇಬಲ್ ಮುಂದೆ ಕೂತು ನಿಮ್ಮ ಗ್ರಾಫ್ ಓದಿದೆ, ಅದು ಹೇಳದೇ ಬಿಟ್ಟಿದ್ದನ್ನೂ ಕೇಳ್ಕೊಂಡಿದೆ. ನೀವು ಪಾಸ್."

ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ನನ್ನ ಕೈಯಲ್ಲಿ ಖಾಲಿ ಡಬ್ಬಿ ಇತ್ತು, ನನ್ನ ಚಿಂತೆಯೆಲ್ಲ ಅದರ ಮೇಲೆಯೇ. ಅಲರ್ಜಿಯ ಭಯಕ್ಕೆ ಮಕ್ಕಳಿಗೆ ತಿನ್ನುವುದೇನನ್ನೂ ಕೊಡುವಂತಿಲ್ಲ, ಅದು ಶಾಲೆಯ ನಿಯಮ. ಬರಿದಾಗಿ ಕೊಡುವಂತಿಲ್ಲ, ಅದು ನಮ್ಮಮ್ಮನ ನಿಯಮ. ದಿನವಿಡೀ ಒದ್ದಾಡಿದೆ. ಸಂಜೆ ಮನೆಗೆ ಹೋಗುವ ಹೊತ್ತಿಗೆ ಬೇರೇನೂ ತೋಚದೆ, ಗೋಡೆಯ ಮೇಲಿದ್ದ ‘ಏನೂ ಇಲ್ಲ’ ಕಂಬದಿಂದ ನನ್ನ ಹಳದಿ ಚೀಟಿಯನ್ನು ಕಿತ್ತು, ಡಬ್ಬಿಯೊಳಗಿಟ್ಟು ಮುಚ್ಚಿ ಕೊಟ್ಟೆ. ಇವತ್ತು ನಾನು ತಿಂದಾಯಿತಲ್ಲ, ಇನ್ನು ಅದರ ಕೆಲಸವೇನು ಎಂದುಕೊಂಡೆ.

ಅವಳು ಅಲ್ಲೇ ಮುಚ್ಚಳ ತೆರೆದಳು. ಚೀಟಿಯನ್ನು ನೋಡಿದಳು, ಗೋಡೆಯನ್ನು ನೋಡಿದಳು. ಅಲ್ಲಿ ಸೊಟ್ಟ ಗೆರೆಯ ಮೇಲೆ ಅವಳ ಚೀಟಿ ಒಂದೇ ಉಳಿದಿತ್ತು.

"ಇದು ನಿನ್ನೆಯ ಗ್ರಾಫ್, ಮಿಸ್," ಎಂದಳು. "ನಿನ್ನೆ ನೀವು ಇಲ್ಲೇ ಇದ್ರಿ."

ಕಾಲ್ಬೆರಳ ಮೇಲೆ ನಿಂತು ಚೀಟಿಯನ್ನು ಮೊದಲಿದ್ದ ಜಾಗದಲ್ಲೇ, ತನ್ನದರ ಮೇಲೆ ಅಂಟಿಸಿ, ಬೀಳದಿರಲೆಂದು ಅಂಗೈಯಿಂದ ಒತ್ತಿದಳು. ಡಬ್ಬಿ ಬರಿದಾಗಿಯೇ ಅವಳ ಬ್ಯಾಗಿನೊಳಗೆ ಹೋಯಿತು. ನಾನು ತಡೆಯಲಿಲ್ಲ.